ಬಿಗಿತೋಳಿನ ದರ್ಜಿ

ಮನುಷ್ಯರನ್ನು ಏಕವಚನದಲ್ಲಿಯೂ ಅವರ ಕೈಕಾಲುಗಳನ್ನು ಬಹುವಚನದಲ್ಲಿಯೂ ಮಾತನಾಡಿಸುವ ಒಬ್ಬರೇ ಒಬ್ಬರನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿದ್ದೇನೆ. ಮೊದಲ ದಿನ ನನ್ನ ಅಕ್ಕನಿಗೆ, ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ ಹುಡುಗರ ಸದ್ದಡಗಿಸಿದ್ದ ನನ್ನ ಅಕ್ಕನಿಗೆ, "ಬಾಮ್ಮ, ಕೂತ್ಕೋ" ಎಂದು ಎಳೆಯ ಮಗುವಿಗೆ ಹೇಳುವಂತೆ ಹೇಳಿದ ಆ ಮನುಷ್ಯ, ಅವಳ ಊದಿದ ಬಲಗೈಯನ್ನು ತಮ್ಮ ಎರಡೂ ಅಂಗೈಗಳ ಮೇಲೆ ಎತ್ತಿಕೊಂಡು, ಅತ್ಯಂತ ವಿನಯದಿಂದ, "ಇವರು ಯಾವಾಗಿಂದ ಹೀಗಿದ್ದಾರೆ?" ಎಂದು ಕೇಳಿದರು. ತನ್ನ ಬೆನ್ನ ಹಿಂದೆ ಇನ್ನಾರೋ ಬಂದು ನಿಂತಿರಬೇಕೆಂದು ಅಕ್ಕ ತಿರುಗಿ ನೋಡಿದಳು.

"ಕೈ ಕೇಳ್ತಿದ್ದೀನಮ್ಮ, ಕೈ" ಅಂದರು ಅವರು.

ರೋಗಿಗಳೆಲ್ಲ ಅವರನ್ನು ಅಳತೆಯವರು ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಹಿಂಬದಿಯ ಬೀದಿಯಲ್ಲಿ, ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಕೋಣೆ. ಅಲ್ಲಿ ಒಂದು ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಮಲಗಿದಂತಿದ್ದ ಹೆಣಿಗೆಯ ಯಂತ್ರ, ಚರ್ಮದ ಬಣ್ಣದ ನೂಲಿನ ಉಂಡೆಗಳು, ಮತ್ತೆ ಕಿಟಕಿಯ ಪಕ್ಕ ಒಂದು ಬೆಂಚು. ಆ ಬೆಂಚಿನ ಮೇಲೆ ಕುಳಿತಿರುತ್ತಿದ್ದವರು ಎಲ್ಲರೂ ತಮ್ಮ ಒಂದು ಅಂಗವನ್ನು ಮುಚ್ಚಿಕೊಂಡೇ ಬಂದವರು: ಹೆಗಲ ಮೇಲಿಂದ ಇಳಿಬಿಟ್ಟ ಶಾಲಿನೊಳಗೆ ಕೈ, ಎರಡಳತೆ ದೊಡ್ಡ ಚಪ್ಪಲಿಯೊಳಗೆ ಕಾಲು. ನನ್ನ ಅಕ್ಕನಂತೆ ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗಂಟುಗಳನ್ನು ತೆಗೆದ ಮೇಲೆ ದೇಹದೊಳಗಿನ ನೀರಿಗೆ ಹರಿದುಹೋಗಲು ದಾರಿಯಿಲ್ಲದೆ ಕೈ ಊದಿಕೊಂಡವರು, ಯಾವುದೋ ಹಳೆಯ ಜ್ವರದ ತರುವಾಯ ಕಾಲು ಕಂಬವಾದವರು. ಇವರಿಗೆಲ್ಲ ಬಿಗಿಯಾದ ತೋಳು, ಬಿಗಿಯಾದ ಕಾಲುಚೀಲ ಹೆಣೆದು ತೊಡಿಸುವುದು ಅವರ ಕಸುಬು. ಊತವನ್ನು ಅದು ಗುಣಪಡಿಸುವುದಿಲ್ಲ, ಒತ್ತಿ ಹಿಡಿದಿಡುತ್ತದೆ. ಹಿಡಿತ ಬಿಟ್ಟ ದಿನ ಅದು ಮತ್ತೆ ಏಳುತ್ತದೆ.

ಅರವತ್ತೈದರ ಆಸುಪಾಸಿನ ಅವರು ಗೋಡೆಯ ಪಕ್ಕದಲ್ಲೇ ಸರಿದು ಹೋಗುವವರಂತೆ ಒಂದು ಭುಜ ಮುಂದುಮಾಡಿ ನಡೆಯುತ್ತಿದ್ದರು. ಬೇಸಿಗೆಯಲ್ಲೂ ಬಿಚ್ಚದ ಒಂದು ಬೂದುಬಣ್ಣದ ಕೋಟು. ಮೊಣಕೈಗಳಲ್ಲಿ ಸವೆದು ಹೊಳೆಯುತ್ತಿದ್ದರೂ ಅದರ ಕತ್ತರಿಕೆಯಲ್ಲಿ ಒಬ್ಬ ನಿಪುಣ ದರ್ಜಿಯ ಕೈಚಳಕ ಎದ್ದು ಕಾಣುತ್ತಿತ್ತು. ಹಿಂದೆ ಅವರು ಬಟ್ಟೆ ಹೊಲಿಯುವ ದರ್ಜಿಯೇ ಆಗಿದ್ದರೆಂದೂ ಆ ಕೋಟು ಅವರದೇ ಹೊಲಿಗೆಯೆಂದೂ ಕೆಳಗಿನ ಕನ್ನಡಕದ ಅಂಗಡಿಯವರು ಹೇಳಿದ್ದರು. ಕೋಟಿನ ಎರಡೂ ಜೇಬುಗಳಲ್ಲಿ ಬಿಸಿನೀರು ತುಂಬಿದ ಎರಡು ಪುಟ್ಟ ಸೀಸೆಗಳಿರುತ್ತಿದ್ದವು. ಅಳತೆಗೆ ಮುಂಚೆ ಜೇಬಿನೊಳಗೆ ಕೈಯಿಟ್ಟು, ಬೆರಳುಗಳು ಬೆಚ್ಚಗಾಗುವ ತನಕ ಸುಮ್ಮನೆ ನಿಲ್ಲುತ್ತಿದ್ದರು. ತಣ್ಣನೆ ಬೆರಳು ತಾಗಿದರೆ ಚರ್ಮ ಬೆಚ್ಚಿಬೀಳುತ್ತದೆ, ಬೆಚ್ಚಿದ ಚರ್ಮ ಸರಿಯಾದ ಅಳತೆ ಕೊಡುವುದಿಲ್ಲ ಎಂಬುದು ಅವರ ನಂಬಿಕೆ. ಮೂರು ತಿಂಗಳಿಗೊಮ್ಮೆ ಅಳತೆಯ ಟೇಪನ್ನು ಕತ್ತರಿಸಿ ಎಸೆಯುತ್ತಿದ್ದರು. "ಟೇಪೂ ಹಿಗ್ಗುತ್ತೆ ಕಣಪ್ಪ. ಹಿಗ್ಗಿದ ಟೇಪು ಸುಳ್ಳುಸಾಕ್ಷಿ ಇದ್ದ ಹಾಗೆ."

ಬೆಳಗಿನ ಹತ್ತು ಗಂಟೆಯ ಮೇಲೆ ಅವರು ಯಾರ ಅಳತೆಯನ್ನೂ ತೆಗೆಯುತ್ತಿರಲಿಲ್ಲ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ತಮ್ಮ ತಾಯಿಯನ್ನು ಊಟದ ಹೊತ್ತು ಮೀರಿದ ಮೇಲೆ ಕರೆತಂದು, ಮೆಟ್ಟಿಲು ಹತ್ತಿಸಿದ ಶ್ರಮವನ್ನೆಲ್ಲ ಧ್ವನಿಯಲ್ಲಿ ತುಂಬಿಕೊಂಡು ಗದರಿದಾಗ, ಅಳತೆಯವರು ಯಂತ್ರದಿಂದ ತಲೆಯೆತ್ತಲೂ ಇಲ್ಲ. "ಮಧ್ಯಾಹ್ನದ ಕಾಲಿನವರು ಜಂಬದವರಪ್ಪ, ಇದ್ದದ್ದಕ್ಕಿಂತ ಜಾಸ್ತಿ ತೋರಿಸ್ಕೋತಾರೆ. ನಾಳೆ ಬೆಳಿಗ್ಗೆ ಕರ್ಕೊಂಡು ಬಾ" ಅಂದರು. ಅಧಿಕಾರಿ ಬೈದುಕೊಂಡು ಹೋದರು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ತಾಯಿಯೊಡನೆ ಬೆಂಚಿನ ಮೇಲೆ ಕುಳಿತಿದ್ದರು.

ಅಕ್ಕನನ್ನಂತೂ ಅವರು ಮೊದಲ ಸಲ ಅಳೆಯಲೇ ಇಲ್ಲ. ಆಸ್ಪತ್ರೆಯ ದಾದಿಯ ಬಳಿಗೆ ಮೂರು ವಾರ ದಿನವೂ ಹೋಗಿ, ಪಟ್ಟಿ ಸುತ್ತಿಸಿಕೊಂಡು, ಕೈ ಇಳಿಸಿಕೊಂಡು ಬಾ ಎಂದು ಕಳಿಸಿಬಿಟ್ಟರು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಕೈ ತಾನಾಗೇ ಇಳಿಯೋ ಹಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?" ಎಂದಳು.

"ಊದಿದ ಕೈಗೆ ಅಳತೆ ತಗೊಂಡ್ರೆ ಊತಕ್ಕೇ ಮನೆ ಕಟ್ಟಿಕೊಟ್ಟ ಹಾಗಮ್ಮ."

ಮೂರು ವಾರದ ಮೇಲೆ ಹೋದಾಗ ಅವಳ ಕೈಯನ್ನು ಮೇಜಿನ ಮೇಲೆ ಚಾಚಿಸಿ, ಮಣಿಕಟ್ಟಿನಿಂದ ಕಂಕುಳಿನವರೆಗೆ ನಾಲ್ಕು ನಾಲ್ಕು ಸೆಂಟಿಮೀಟರಿಗೆ ಪೆನ್ಸಿಲಿನ ಗುರುತು ಹಾಕಿ, ಪ್ರತಿ ಗುರುತಿನ ಸುತ್ತಲೂ ಟೇಪನ್ನು ಎಳೆಯದೆ, ಸಡಿಲವೂ ಬಿಡದೆ, ತಾಗಿದೆಯೋ ಇಲ್ಲವೋ ಎಂಬಂತೆ ಸುತ್ತಿ, ಒಂದೊಂದು ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಿ ಬರೆದುಕೊಂಡರು. ಸಂಖ್ಯೆಗಳನ್ನು ಕೇಳುತ್ತಿದ್ದಂತೆ ಅಕ್ಕನ ಮುಖ, ಎಷ್ಟೋ ತಿಂಗಳ ಮೇಲೆ, ತನ್ನ ಭಾಷೆ ಬಲ್ಲವರು ಸಿಕ್ಕಂತೆ ಸಡಿಲವಾಯಿತು. ಬಿಗಿ ಎಲ್ಲ ಕಡೆಯೂ ಒಂದೇ ಇರುತ್ತದೆಯೇ ಎಂದು ವಿಚಾರಿಸಿದಳು. "ಎಲ್ಲಾದ್ರೂ ಉಂಟೆ? ಕೆಳಗೆ ಜಾಸ್ತಿ, ಮೇಲೆ ಹೋಗ್ತಾ ಹೋಗ್ತಾ ಕಮ್ಮಿ. ತಿರುವುಮುರುವಾದ್ರೆ ಕೈಗೆ ನೇಣು ಬಿಗಿದ ಹಾಗಾಗುತ್ತೆ" ಎಂದರು.

ತೋಳು ಸಿದ್ಧವಾಗಿ ಬಂದಾಗ ಅದನ್ನು ತೊಡುವುದೇ ಒಂದು ಕುಸ್ತಿ. ರಬ್ಬರಿನ ಕೈಗವಸು ಹಾಕಿಕೊಂಡು, ಅಂಗುಲ ಅಂಗುಲ ಮೇಲೆ ಸರಿಸುವಷ್ಟರಲ್ಲಿ ಅಕ್ಕನಿಗೆ ಬೆವರಿಳಿಯುತ್ತಿತ್ತು. "ಹಾವಿನ ಪೊರೆಯೊಳಕ್ಕೆ ಹೊಕ್ಕ ಹಾಗಿದೆ" ಎಂದು ಗೊಣಗಿದವಳಿಗೆ ಅವರು, "ಒಂದು ತಿಂಗಳು ಬೈಕೊಂಡೇ ಹಾಕ್ಕೋ. ಆಮೇಲೆ ಬೈಯೋದನ್ನ ಬಿಡ್ತೀಯ, ಹಾಕ್ಕೊಳ್ಳೋದನ್ನ ಬಿಡಲ್ಲ" ಎಂದರು. ಹಾಗೆಯೇ ಆಯಿತು. ಎರಡನೆಯ ತಿಂಗಳಿಗೆ ಅವಳು ಮತ್ತೆ ಬಲಗೈಯಲ್ಲೇ ಕಪ್ಪುಹಲಗೆಯ ಮೇಲೆ ಬರೆಯತೊಡಗಿದಳು. ಬಸ್ಸಿನಲ್ಲಿ ಯಾರಾದರೂ ಕೈಗೇನಾಯಿತೆಂದು ಕೇಳಿದರೆ, "ಲೆಕ್ಕ ತಪ್ಪು ಮಾಡಿದವನಿಗೆ ಒಂದು ಕೊಟ್ಟೆ, ಉಳುಕಿತು" ಎನ್ನುತ್ತಿದ್ದಳು. ಆರು ತಿಂಗಳಿಗೊಮ್ಮೆ ನೂಲು ಸೋತು ಬಿಗಿ ತಪ್ಪಿದಾಗ ಹೊಸ ಅಳತೆ, ಹೊಸ ತೋಳು. ನಾಲ್ಕು ವರ್ಷ ಸಂಖ್ಯೆಗಳು ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ.

ಒಂಬತ್ತನೆಯ ಸಲ ಅವರು ಸಂಖ್ಯೆ ಹೇಳಲಿಲ್ಲ. ಮಣಿಕಟ್ಟು ಸರಿಯಿತ್ತು, ಮುಂಗೈ ಸರಿಯಿತ್ತು. ಮೊಣಕೈಯ ಮೇಲೆ ಟೇಪು ಸುತ್ತಿದವರು ಅದನ್ನು ಬಿಚ್ಚಿ, ಜೇಬಿನಲ್ಲಿ ಬೆರಳುಗಳನ್ನು ಮತ್ತೊಮ್ಮೆ ಬೆಚ್ಚಗೆ ಮಾಡಿಕೊಂಡು, ಎರಡನೆಯ ಸಲ ಸುತ್ತಿದರು, ಮೂರನೆಯ ಸಲ ಸುತ್ತಿದರು.

"ಬಾಯಿ ಯಾಕೆ ಕಟ್ಟಿತು? ಸಂಖ್ಯೆ ಹೇಳಿ" ಎಂದಳು ಅಕ್ಕ.

ಹೇಳಿದರು. ಹಿಂದಿನ ಸಲಕ್ಕಿಂತ ನಾಲ್ಕೂವರೆ ಸೆಂಟಿಮೀಟರು ಹೆಚ್ಚು. ಅಕ್ಕ ಕಣ್ಣುಮುಚ್ಚಿ ಏನೋ ಲೆಕ್ಕ ಹಾಕುವವಳಂತೆ ಕುಳಿತಳು. ಅಳತೆಯವರು ಟೇಪನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟು, ಆ ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಮುಖ ನೋಡಿ ಮಾತನಾಡಿದರು: "ಯಾವಾಗ್ಲೂ ಕೆಳಗಿಂದ ಊದುತ್ತೆ. ಇದು ಮೇಲಿಂದ ಇಳಿದು ಬಂದಿದೆ. ಇದಕ್ಕೆ ನಾನು ತೋಳು ಹೆಣೆಯಲ್ಲ. ನೀವು ಇವತ್ತೇ ಡಾಕ್ಟರನ್ನ ನೋಡಬೇಕಮ್ಮ."

ಆ 'ನೀವು' ಕೇಳಿದೊಡನೆ ನಾನು ಎದ್ದು ಅಕ್ಕನ ಚೀಲ ಎತ್ತಿಕೊಂಡೆ. ವೈದ್ಯರು ಆಮೇಲೆ ಹೇಳಿದ್ದೆಲ್ಲ, ಕೊರಳೆಲುಬಿನ ಹಿಂದೆ ರೋಗ ಮರುಕಳಿಸಿದೆಯೆಂಬುದು, ಇನ್ನು ಕೆಲವೇ ತಿಂಗಳೆಂಬುದು, ಆಗಲೇ ಕೇಳಿದ್ದ ಸುದ್ದಿಯ ವಿವರಗಳಂತೆ ನನ್ನ ಕಿವಿಗೆ ಬಿದ್ದವು.

ಆರನೆಯ ತಿಂಗಳಿಗೆ ಅವಳ ಕೈ ಯಾವ ಬಟ್ಟೆಯೊಳಗೂ ಹೋಗದಂತಾಯಿತು. ಹೊದಿಕೆ ಸುತ್ತಿಕೊಂಡೇ ಮಲಗಿರುತ್ತಿದ್ದಳು. ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಬಂದು ನೋಡುತ್ತೇವೆಂದು ಕೇಳಿಕಳಿಸಿದಾಗ ಎರಡು ದಿನ ಉತ್ತರ ಕೊಡಲಿಲ್ಲ, ಮೂರನೆಯ ದಿನ ನನ್ನನ್ನು ಕರೆದು, "ಒಂದು ಗಂಟೆ ಕುರ್ಚಿ ಮೇಲೆ ಕೂತ್ಕೋತೀನಿ. ಎರಡೂ ತೋಳು ಒಂದೇ ಥರ ಕಾಣೋ ಅಂಗಿ ಬೇಕು ಕಣೋ. ಅವರನ್ನ ಕೇಳು" ಎಂದಳು.

ಕೇಳಿದೆ. ಅಳತೆಯವರು ಯಂತ್ರ ನಿಲ್ಲಿಸದೆಯೇ, "ನಾನು ಸಡಿಲ ಹೊಲಿಯಲ್ಲ" ಎಂದರು. ನನಗೆ ಅಳುವೂ ಕೋಪವೂ ಒಟ್ಟಿಗೆ ಬಂದವು. ಸಾಯುವವಳ ಆಸೆಗಿಂತ ನಿಮ್ಮ ವ್ರತ ದೊಡ್ಡದೇ ಎಂದು ಕೂಗಿಬಿಟ್ಟೆ. ಆಗ ಯಂತ್ರ ನಿಂತಿತು. ಅವರು ಬೆಂಚಿನ ಮೇಲೆ, ರೋಗಿಗಳು ಕೂರುವ ಜಾಗದಲ್ಲಿ ಕುಳಿತು, ನನ್ನನ್ನು ನೋಡದೆ ಹೇಳಿದರು.

ದರ್ಜಿಯಾಗಿದ್ದ ಕಾಲದಲ್ಲಿ ಅವರ ಬಳಿಗೆ ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಬರುತ್ತಿದ್ದಳಂತೆ. ಎಡತೋಳು ಸ್ವಲ್ಪ ಸಡಿಲವಿರಲಿ ಎಂದು ಮೊದಲ ವರ್ಷ ಕೇಳಿದಳು. ಮರುವರ್ಷ ಇನ್ನಷ್ಟು, ಅದರ ಮರುವರ್ಷ ಮತ್ತಷ್ಟು. ಎಂಟು ವರ್ಷ ಅವರು ಒಳಗೊಳಗೇ ಬಟ್ಟೆ ಸೇರಿಸಿ, ಮಡಿಕೆ ಹಿಡಿದು, ಹೊರಗೆ ಎರಡೂ ತೋಳು ಒಂದೇ ಎನ್ನುವಂತೆ ಹೊಲಿದುಕೊಟ್ಟರು. "ಎಲ್ಲರೂ ಹೊಗಳೋರು. ನನಗೂ ಹೆಮ್ಮೆ. ಕೈಗೇನಾಗಿದೆ ಅಂತ ಒಂದು ದಿನ ಕೇಳಲಿಲ್ಲ. ಅವಳಿಗೆ ಸಂಕೋಚ, ನನಗೆ ಮರ್ಯಾದೆ. ಎರಡೂ ಸೇರಿ ಒಂದು ಜೀವ ತಿಂದುಹಾಕಿದ್ವು." ಆ ಊದಿದ ಕೈಗೆ ಒಂದು ಸಣ್ಣ ಗಾಯ, ಅದರಿಂದ ನಂಜು, ನಾಲ್ಕೇ ದಿನ. ಮೊದಲ ವರ್ಷವೇ ಯಾರಾದರೂ ಬಿಗಿಯಾಗಿ ಕಟ್ಟಿದ್ದರೆ ಕೈ ಉಳಿಯುತ್ತಿತ್ತು, ಬಹುಶಃ ಅವಳೂ ಉಳಿಯುತ್ತಿದ್ದಳು ಎಂದು ವೈದ್ಯರು ಹೇಳಿದ್ದನ್ನು ಅವಳ ತಂಗಿ ಬಂದು ತಿಳಿಸಿದ್ದಳಂತೆ. ದೂರಲಿಲ್ಲವಂತೆ, ಸುಮ್ಮನೆ ತಿಳಿಸಿ ಹೋದಳಂತೆ. ಆ ವರ್ಷವೇ ಅಂಗಡಿ ಮುಚ್ಚಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಈ ವಿದ್ಯೆಯನ್ನು ಕಲಿಯಲು ಹೋದರು.

ನಾನು ಮೆಟ್ಟಿಲಿಳಿದು ಬಂದೆ. ಮರುದಿನ ಬೆಳಿಗ್ಗೆ ಏಳಕ್ಕೆ, ಕೋಣೆ ಬಿಟ್ಟು ಯಾರ ಮನೆಗೂ ಹೋಗದಿದ್ದ ಆ ಮನುಷ್ಯ, ಕೋಟು ತೊಟ್ಟು, ಜೇಬಿನಲ್ಲಿ ಸೀಸೆಗಳ ಸದ್ದು ಮಾಡುತ್ತ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಕ್ಕನ ಹಾಸಿಗೆಯ ಪಕ್ಕ ಮಂಡಿಯೂರಿ ಅಳತೆ ತೆಗೆದರು.

"ಇನ್ನೂ ಜಾಸ್ತಿ ಆಗುತ್ತೆ, ನೋಡ್ಕೊಂಡು ಹೊಲೀರಿ" ಎಂದಳು ಅಕ್ಕ.

"ಅದಕ್ಕೂ ಜಾಗ ಬಿಡ್ತೀನಿ."

ನಾಲ್ಕು ದಿನದಲ್ಲಿ ಅಂಗಿ ಬಂತು. ಕಡುನೀಲಿ ಬಣ್ಣದ ಮೆತ್ತನೆಯ ಹತ್ತಿ ಬಟ್ಟೆ. ಕೈ ಎತ್ತಬೇಕಾಗದಂತೆ ತೋಳಿನ ಅಡಿಭಾಗವೆಲ್ಲ ಬಿಚ್ಚಿಕೊಳ್ಳುತ್ತಿತ್ತು, ಗುಂಡಿಗಳು ಚರ್ಮಕ್ಕೆ ತಾಗದಂತೆ ಒಳಗೊಂದು ಪದರ. ಎಡತೋಳಿಗೂ ಅಷ್ಟೇ ಅಗಲ ಕೊಟ್ಟು, ಒಳಗೆ ಹಗುರಾದ ಅಸ್ತರು ಇಟ್ಟು ಉಬ್ಬಿಸಿದ್ದರು. ವಿದ್ಯಾರ್ಥಿಗಳು ಬಂದರು. ಯಾರೂ ಕೈಯನ್ನು ನೋಡಲಿಲ್ಲ. ನೋಡಲು ಅಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ಗಂಟೆಯೆಂದವಳು ಎರಡು ಗಂಟೆ ಕುಳಿತಳು; ಈಗ ತಾನೇ ಮೇಷ್ಟರಾಗಿರುವ ಒಬ್ಬನಿಗೆ ಬಾಯಿಲೆಕ್ಕ ಕೊಟ್ಟು, ತಪ್ಪು ಹೇಳಿದ್ದಕ್ಕೆ ಎಲ್ಲರೆದುರು ಮಂಗಳಾರತಿ ಎತ್ತಿದಳು. ಅಷ್ಟು ಹೊತ್ತೂ ಅಳತೆಯವರು ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಒಳಗೆ ಬನ್ನಿ ಎಂದರೆ, "ಬೇಡಪ್ಪ, ನೋಡಿದ್ರೆ ಹೊಲಿಗೆ ತಪ್ಪು ಕಾಣುತ್ತೆ" ಎಂದರು.

ಹನ್ನೊಂದು ದಿನದ ಮೇಲೆ ಅಕ್ಕ ಹೋದಳು. ಅದೇ ಅಂಗಿಯಲ್ಲಿ ಕಳಿಸಿಕೊಟ್ಟೆವು.

ಕೆಲವು ವಾರ ಕಳೆದು, ಉಳಿದಿದ್ದ ಬಿಗಿತೋಳುಗಳನ್ನು ಹಿಂದಿರುಗಿಸುವ ನೆಪದಲ್ಲಿ ನಾನು ಆ ಮಹಡಿ ಹತ್ತಿದೆ. ಅಕ್ಕನಿಗೆ ಹೊಲಿದುಕೊಟ್ಟದ್ದರಿಂದ ಹಳೆಯ ಸಂಕಟವೇನಾದರೂ ಕಡಿಮೆಯಾಯಿತೇ ಎಂದು ಕೇಳಬಾರದಿತ್ತು, ಕೇಳಿದೆ. ಅವರು ನೂಲಿನ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡರು. "ಇಲ್ಲ. ಆ ಗ್ರಂಥಾಲಯದವಳಿಗೆ ಹೊಲೀಬಾರದಾಗಿತ್ತು. ನಿಮ್ಮಕ್ಕನಿಗೆ ಹೊಲೀಲೇಬೇಕಾಗಿತ್ತು. ಕೇಳಿಕೊಂಡು ಬರೋವಾಗ ಇಬ್ಬರ ಮಾತೂ ಒಂದೇ ಥರ ಇರುತ್ತಪ್ಪ" ಎಂದರು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಹೊಸ ಹೆಂಗಸೊಬ್ಬಳು ಶಾಲು ಸರಿಸಿದಳು; ಅಳತೆಯವರ ಕೈಗಳು ಜೇಬಿಗಿಳಿದವು.

ಗುಣಪಡಿಸುವವರಿಗೆ ಲೋಕದಲ್ಲಿ ಕೀರ್ತಿಯಿದೆ, ಕೂಡಿ ಅಳುವವರಿಗೆ ಕೃತಜ್ಞತೆಯಿದೆ. ಇವೆರಡರ ನಡುವೆ, ಗುಣವಾಗದ್ದನ್ನು ಇದ್ದಲ್ಲೇ ಹಿಡಿದು ನಿಲ್ಲಿಸುವ ಒಂದು ಜಾತಿಯ ಜನರಿದ್ದಾರೆ. ಅವರ ಗೆಲುವೆಂದರೆ ಏನೂ ಆಗದಿರುವುದು: ಹೋದ ಸಲದ ಸಂಖ್ಯೆಯೇ ಈ ಸಲವೂ ಬರುವುದು. ಸೋಲು ಮಾತ್ರ ಎಲ್ಲರಿಗೂ ಕಾಣುವಂತೆ ಬರುತ್ತದೆ, ಮತ್ತು ಅದನ್ನು ಎಲ್ಲರಿಗಿಂತ ಮೊದಲು ಕಾಣುವ ಶಿಕ್ಷೆಯೂ ಅವರದೇ. ಅಂಥವರು ಸಾಂತ್ವನ ಹೇಳುವುದಿಲ್ಲ. ಹೇಳುವಷ್ಟು ಸಾಂತ್ವನ ಅವರಲ್ಲಿ ತಮಗಾಗಿಯೂ ಉಳಿದಿರುವುದಿಲ್ಲ. ಹಿಂದೊಮ್ಮೆ ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು, ಬಂದವರನ್ನೆಲ್ಲ ಕೇಳುತ್ತ, ಪ್ರತಿದಿನ ಬೆಳಿಗ್ಗೆ ಅವರು ಮತ್ತೆ ಕೆಲಸಕ್ಕೆ ಕೂರುತ್ತಾರೆ.