ಇಲ್ಲದ ಮಗನ ಗಿಟಾರು

ಜಲಜಕ್ಕನಿಗೆ ಮಗನೇ ಇಲ್ಲ. ಇರುವವಳು ಒಬ್ಬಳೇ ಮಗಳು, ಮೋಕ್ಷಿತಾ. ಆದರೂ ಕುಂದಾಪುರದ ವಾದ್ಯದಂಗಡಿಯವನು "ಗಿಟಾರ್ ಯಾರಿಗೆ ಅಕ್ಕ, ಮಗಂಗಾ?" ಎಂದು ಕೇಳಿದಾಗ "ಹೌದ್" ಎಂದುಬಿಟ್ಟಳು. ನಲವತ್ತೇಳು ವರ್ಷದ, ಮೀನು ಮಾರುವ ಹೆಂಗಸು ನಿಂತ ನಿಲುವಿನಲ್ಲೇ ಒಬ್ಬ ಗಂಡುಮಗನನ್ನು ಹೆತ್ತಳು. ನಗೆಪಾಟಲಾಗುವುದಕ್ಕಿಂತ ಅದೇ ಸುಲಭ ಅನ್ನಿಸಿತು.

ಅವಳಿಗೆ ಈ ಗಿಟಾರಿನ ಹುಚ್ಚು ಹತ್ತಿಸಿದವನು ತ್ರಾಸಿಯಲ್ಲಿ ಅವಳ ನೆರೆಮನೆಯ ಪ್ರವೀಣ, ಮದುವೆ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು. ಎರಡು ವರ್ಷ ಅವಳು ಮೀನು ಮಾರಿ ಬಂದು, ಕೈ ತಿಕ್ಕಿ ತೊಳೆದು, ಅವನ ಜಗಲಿಯಲ್ಲಿ ಅವನ ಗಿಟಾರಿನಲ್ಲೇ ಕಲಿತಿದ್ದಳು. ಈಗ ಅವನು ಗಿಟಾರಿನ ಸಮೇತ ಮುಂಬೈಗೆ ಹೊರಟಿದ್ದ. ಸ್ವಂತದ್ದೊಂದು ಇಲ್ಲದಿದ್ದರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ.

"ಕೈಯಗೆ ಹಿಡ್ದ್ ಕಂಡೇ ತಕಣಿ ಜಲಜಕ್ಕ. ಹತ್ತ್ ಹಿಡ್ದ್ ಕಂಡ್ರೂ ಅಡ್ಡಿಲ್ಲ" ಎಂದು, ಹಿಡಿದು ನೋಡದೆ ಕೊಳ್ಳಬೇಡಿ ಎಂದೇ ಹೇಳಿ ಕಳಿಸಿದ್ದ.

ಆದರೆ ಅವಳು ಹೋದದ್ದು ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ. ಅಂಗಡಿಯವನು ಊದುಬತ್ತಿ ಹಚ್ಚಿ, "ನಿಮ್ದೇ ಬೋಣಿ ಅಕ್ಕ" ಎಂದ. ಅಲ್ಲಿಗೆ ಮುಗಿಯಿತು. ದಿನದ ಮೊದಲ ಗಿರಾಕಿ ಮೀನು ಒತ್ತಿ ನೋಡಿ ಬರಿಗೈಯಲ್ಲಿ ಹೋದರೆ ಆ ದಿನದ ವ್ಯಾಪಾರವೇ ಕೆಟ್ಟಿತೆಂದು ನಂಬಿದವಳು ಜಲಜಕ್ಕ. ಹಾಗೆ ಹೋದವರಿಗೆ ಅವಳು ಬೈದ ಬೈಗುಳ ಇಡೀ ಮೀನು ಮಾರ್ಕೆಟ್ಟಿಗೆ ಗೊತ್ತು. ಇನ್ನೊಬ್ಬನ ಬೋಣಿ ಕೆಡಿಸಲು ಅವಳಿಗೆ ಮನಸ್ಸು ಬಂದೀತೇ? ಅವನು ಮೊದಲು ತೋರಿಸಿದ್ದಕ್ಕೇ ಹೂಂ ಅಂದಳು. ಅದು ಇಪ್ಪತ್ತು ವರ್ಷದ ಹುಡುಗನ ಅಳತೆಗೆ ಆರಿಸಿದ್ದು. ತೊಡೆಯ ಮೇಲೆ ಇಟ್ಟೂ ನೋಡಲಿಲ್ಲ. ಮಗನ ಗಿಟಾರನ್ನು ತಾಯಿ ತೊಡೆಯ ಮೇಲೆ ಇಟ್ಟುಕೊಂಡು ಮಾಡುವುದೇನು?

ಮನೆಗೆ ತಂದ ಮೇಲೆ ಗೊತ್ತಾಯಿತು. ಗುಂಡುಕಲ್ಲಿನ ಭಾರ. ಅವಳ ಗಿಡ್ಡ ಬೆರಳುಗಳು ಅದರ ದಪ್ಪ ಕುತ್ತಿಗೆಯನ್ನು ಸುತ್ತುವುದೇ ಇಲ್ಲ. ಎಡಗೈ ಸ್ವಲ್ಪ ಸಡಿಲಿಸಿದರೆ ಗಿಟಾರಿನ ತಲೆ ನೆಲಕ್ಕೆ ವಾಲುತ್ತದೆ. ಪ್ರವೀಣನ ಗಿಟಾರಿನಲ್ಲಿ ಸಲೀಸಾಗಿ ಬರುತ್ತಿದ್ದ ಹಾಡು ಇದರಲ್ಲಿ ಕುಂಟುತ್ತಿತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾಡಿದ್ದುಣ್ಣೋ ಮಹರಾಯ!

ಮರುದಿನ ಕುಂದಾಪುರದವನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಬೈಂದೂರಿನ ಅಂಗಡಿಯವನು ತನ್ನಲ್ಲಿದ್ದ ಗಿಟಾರುಗಳನ್ನು ಮುಟ್ಟಲೂ ಬಿಡಲಿಲ್ಲ. "ಮಗ ಬರ್ಲಿ, ಅವ್ನೇ ಕಾಣ್ಲಿ" ಎಂದ. ಎಲ್ಲಿಂದ ಬರಬೇಕು ಆ ಮಗ! ಅಷ್ಟರಲ್ಲಿ ಪ್ರವೀಣ ಹೊರಡುವುದಕ್ಕೆ ನಾಲ್ಕೇ ದಿನ ಉಳಿದಿತ್ತು.

ಕೊನೆಗೆ ಗಿಟಾರ್ ಹೊತ್ತುಕೊಂಡು ಬ್ರಹ್ಮಾವರದ ಬಸ್ಸು ಹತ್ತಿದಳು. ಈ ಸಲ ಮಧ್ಯಾಹ್ನವೇ ಹೋದಳು. ಅಲ್ಲಿನ ಅಂಗಡಿಯ ಪ್ರೇಮಾನಂದ ನಿಧಾನದ ಮನುಷ್ಯ.

"ಮಗಂಗೆ ಇದ್ ಆತಿಲ್ಯಂಬ್ರ್" ಎಂದಳು. "ಅವ ನನ್ನಷ್ಟೇ ಗಿಡ್ಡ. ನಾನೇ ಹಿಡ್ದ್ ಕಾಂತೆ."

ಪ್ರೇಮಾನಂದ ಸ್ಟೂಲು ಕೊಟ್ಟ. ಒಂದು ಹಿಡಿದಳು, ಇಟ್ಟಳು. ಇನ್ನೊಂದು ಹಿಡಿದಳು, ಇಟ್ಟಳು. ಆರನೆಯದು ಮಾಸಿದ ನೀಲಿ ಬಣ್ಣದ್ದು, ಯಾರೋ ಬಳಸಿ ಬಿಟ್ಟದ್ದು. ತೊಡೆಯ ಮೇಲೆ ಇಟ್ಟಳು. ಕೈ ಬಿಟ್ಟರೂ ಅದು ಅಲ್ಲೇ ಕೂತಿತು. ಕುಂದಾಪುರದ್ದರಲ್ಲಿ ಎಟುಕದ ತಂತಿಗೆ ಕಿರುಬೆರಳು ತಾನಾಗಿ ಹೋಯಿತು. ಅಂಗಡಿಯೆಂಬುದನ್ನೂ ಮರೆತು ಇಡೀ ಹಾಡು ನುಡಿಸಿದಳು, ಎಲ್ಲೂ ತಡವರಿಸಲಿಲ್ಲ.

ಪ್ರೇಮಾನಂದ ಕೇಳುತ್ತಾ ನಿಂತಿದ್ದ. ಹಾಡು ಮುಗಿದ ಮೇಲೆ ಕುಂದಾಪುರದ್ದನ್ನು ಇದರ ಬದಲಿಗೆ ಇಟ್ಟುಕೊಳ್ಳಲು ಒಪ್ಪಿದ. ತಂತಿ ಮಾತ್ರ ಹೊಸದು ಹಾಕಬೇಕು, ನಾಳೆ ಕೊಡುತ್ತೇನೆ ಅಂದ. ಬೇರೆ ಯಾರೂ ಅದನ್ನು ಕೊಳ್ಳಲು ಬಾರದ ಹಾಗೆ ಗಿಟಾರಿಗೆ ಅಂಟಿಸಲು ಒಂದು ಚೀಟಿ ತೆಗೆದು, ಪೆನ್ನು ಹಿಡಿದು, "ಮಗನ ಹೆಸ್ರ್ ಹೇಳಿ" ಎಂದ.

ಇಷ್ಟು ಹೊತ್ತು ಎದುರಿಗೇ ಕೂತು ನುಡಿಸಿದವಳು ನಾನು! ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅವನನ್ನು ಬೈಯಲು ಬಾಯಿ ಬರಲಿಲ್ಲ. ಆ ಮಗನನ್ನು ಹುಟ್ಟಿಸಿದವಳು ತಾನೇ ಅಲ್ಲವೇ?

"ಮಗ ಇಲ್ಲ ನಂಗೆ" ಎಂದಳು ಜಲಜಕ್ಕ. "ಗಿಟಾರ್ ನಂಗೇ. ಜಲಜ ಅಂದ್ಹೇಳಿ ಬರೀನಿ. ದೊಡ್ಡ ಅಕ್ಷರ್ದಗೆ ಬರೀನಿ."