ದರ್ಜಿಯವರು ಮೋಟಾರ್ ಸೈಕಲ್ ಕೊಂಡದ್ದು

ಅರವತ್ತನಾಲ್ಕನೆಯ ವಯಸ್ಸಿನಲ್ಲಿ ದರ್ಜಿಯವರು ಮೋಟಾರ್ ಸೈಕಲ್ ಕೊಳ್ಳುತ್ತೇನೆಂದಾಗ ಬೀದಿಯವರು ಯಾರೂ ನಗಲಿಲ್ಲ. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ; ಅಂಥವರ ಎದುರು ನಗಬಾರದೆಂಬ ದಾಕ್ಷಿಣ್ಯ ಜನರಲ್ಲಿ ಇನ್ನೂ ಉಳಿದಿದೆ. ನಕ್ಕವನು ಒಬ್ಬನೇ, ಆಕೆಯ ತಮ್ಮ. ಭಾವನನ್ನು ಕಂಡು ನಗುವ ಹಕ್ಕು ಬಾಮೈದನಿಗೆ ಅಕ್ಕನ ಮದುವೆಯ ದಿನವೇ ಸಿಕ್ಕಿರುತ್ತದೆ. ಅಕ್ಕ ಹೋದಳೆಂದು ಅದು ಹೋಗುವುದಿಲ್ಲ.

ಸಂಗತಿ ಇಷ್ಟು. ಸಮುದ್ರದ ದಂಡೆಯ ರಸ್ತೆ ಹಿಡಿದು, ಅದು ಮುಗಿಯುವಲ್ಲಿರುವ ದೀಪಸ್ತಂಭದ ತನಕ ಗಾಡಿಯಲ್ಲಿ ಹೋಗಿಬರಬೇಕೆಂದು ಗಂಡ ಹೆಂಡತಿ ಮದುವೆಯಾದ ಹೊಸತರಲ್ಲಿ ಮಾತಾಡಿಕೊಂಡಿದ್ದರು. ಹೋಗಲಾಗಲಿಲ್ಲ. ಶಾಲೆ ತೆರೆಯುವ ಮುಂಚೆ ಸಮವಸ್ತ್ರ, ಮದುವೆಯ ಕಾಲಕ್ಕೆ ಕೋಟು, ನಡುನಡುವೆ ಹರಿದದ್ದು, ಬಿಗಿಯಾದದ್ದು. ಪ್ರತಿ ಸಲವೂ ಆಕೆ, ಆಗಲಿ ಬಿಡಿ, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಿದ್ದಳು. ಸಮುದ್ರ ಹೋಗಲಿಲ್ಲ, ಆಕೆ ಹೋದಳು. ಈಚೆಗೆ ಲೈಸೆನ್ಸ್ ನವೀಕರಿಸಲು ಹೋದಾಗ ಡಾಕ್ಟರು ದರ್ಜಿಯವರ ಮೊಣಕಾಲನ್ನು ಬಗ್ಗಿಸಿ, ಬಿಡಿಸಿ, ಅದರ ಕಿರುಗುಟ್ಟುವಿಕೆ ಕೇಳಿ, ಈ ಒಂದು ವರ್ಷಕ್ಕೆ ಸಹಿ ಹಾಕುತ್ತೇನೆ, ಮುಂದಿನ ಸಲ ನನ್ನ ಬಳಿ ಬರಬೇಡಿ ಎಂದಿದ್ದರು. ಹಳೆಯ ಮೊಪೆಡ್ ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಹೋಗುವುದಾದರೆ ಹೊಸ ಗಾಡಿ ಬೇಕು, ಈ ವರ್ಷವೇ ಹೋಗಬೇಕು.

ಪೇಟೆಯ ಅಂಗಡಿಯಲ್ಲಿ ಎರಡು ಗಾಡಿಗಳಿದ್ದವು. ಒಂದು ದೂರ ಪ್ರಯಾಣದ ಭಾರಿ ಗಾಡಿ. ಮುಂದೆ ಗಾಳಿ ತಡೆಯುವ ಗಾಜು, ಎರಡು ಪಕ್ಕೆಗೆ ಎರಡು ಪೆಟ್ಟಿಗೆ, ಹಿಂದೆ ಕೂರುವವರಿಗೆ ಬೆನ್ನೊರಗು, ಕೈಯಿಡಲು ತೋಳು. ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅಷ್ಟು ಅನುಕೂಲ ಇರುವುದಿಲ್ಲ. ಇನ್ನೊಂದು ಕ್ರೂಸರ್. ತಗ್ಗಾಗಿ, ಉದ್ದ ಮೂತಿ ಚಾಚಿಕೊಂಡು, ಊಟ ಮಾಡಿ ಒರಗಿದವನ ಹಾಗೆ ನಿಂತಿತ್ತು. ತೂಕ ಮೊದಲನೆಯದರ ಅರ್ಧ. ಹಿಂದಿನ ಸೀಟು ಮಾತ್ರ ಸೂಜಿ ಚುಚ್ಚಿಡುವ ದಿಂಬಿಗಿಂತ ತುಸು ದೊಡ್ಡದು.

ದರ್ಜಿಯವರ ಮನಸ್ಸು ಭಾರಿಯದರ ಮೇಲೆ. ಬಾಮೈದನು ಮೂವತ್ತು ವರ್ಷದಿಂದ ಬಸ್ಸು ಓಡಿಸುವವನು, ಕ್ರೂಸರ್ ಎಂದು ಪಟ್ಟು ಹಿಡಿದ.

"ಓಡೋವಾಗ ಎಲ್ಲಾ ಗಾಡೀನೂ ಹಗುರಾನೇ ಭಾವ. ಯಾರ ತೂಕ ಎಷ್ಟು ಅನ್ನೋದು ನಿಂತಾಗ ಗೊತ್ತಾಗುತ್ತೆ" ಎಂದ.

ದರ್ಜಿಯವರು ವಾದಕ್ಕೆ ನಿಲ್ಲಲಿಲ್ಲ, ಚೀಲದಿಂದ ಅಳತೆಯ ಪುಸ್ತಕ ತೆಗೆದರು. ಊರಿನವರ ಕಂಠ, ಎದೆ, ಸೊಂಟವೆಲ್ಲ ಅದರಲ್ಲಿದ್ದವು. ದರ್ಜಿ ತನ್ನ ಅಳತೆಯನ್ನು ತಾನೇ ತೆಗೆಯಲಾರ. ಟೇಪು ಹಿಡಿದು ಬಗ್ಗಿದರೆ ಅಳತೆ ಕೆಡುತ್ತದೆ. ಅವರದನ್ನು ಹೆಂಡತಿ ತೆಗೆದು ಬರೆದಿಟ್ಟಿದ್ದಳು. ಹಾಳೆಯ ತಲೆಯಲ್ಲಿ ಹೆಸರಿಲ್ಲ, 'ನಮ್ಮವರು' ಎಂದಷ್ಟೇ ಇತ್ತು. ಕಾಲಿನ ಒಳ ಅಳತೆ ಮೂವತ್ತೊಂದು ಅಂಗುಲ. ಬೂಟಿನ ಹಿಮ್ಮಡಿ ಒಂದು ಅಂಗುಲ. ಭಾರಿ ಗಾಡಿಯ ಸೀಟಿನ ಎತ್ತರ ಮೂವತ್ತೆರಡು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆ ಹಾಳೆ ಬರೆದು ಇಪ್ಪತ್ತೆರಡು ವರ್ಷವಾಗಿತ್ತು ಎಂಬುದೊಂದು ಮಾತ್ರ ಲೆಕ್ಕದಲ್ಲಿ ಸೇರಿರಲಿಲ್ಲ. ನಾಲ್ಕೈದು ವರ್ಷದಿಂದ ಅವರ ಪ್ಯಾಂಟುಗಳು ನೆಲ ಗುಡಿಸುತ್ತಿದ್ದವು. ಈಗಿನ ಬಟ್ಟೆಗೆ ನಿಯತ್ತಿಲ್ಲ, ಒಗೆದರೆ ಇಳಿಬೀಳುತ್ತದೆ ಎಂದು ಬಟ್ಟೆಯ ಅಂಗಡಿಯವನೊಡನೆ ಜಗಳವಾಡಿ, ಅಂಚು ಮಡಿಸಿ ಹೊಲಿದುಕೊಳ್ಳುತ್ತಿದ್ದರು. ಅಳತೆಯನ್ನು ಸಂಶಯಿಸಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಅಂಗಡಿಯಲ್ಲಿ ಗಾಡಿ ತೋರಿಸುವ ಹೆಂಗಸು ಬಹಳ ಮರ್ಯಾದಸ್ಥೆ. ಸ್ಟ್ಯಾಂಡು ತೆಗೆಯುವಾಗ ತಾನು ಹಿಡಿದುಕೊಳ್ಳುತ್ತೇನೆ ಎಂದಳು. ದರ್ಜಿಯವರು ಬೇಡವೆಂದರು. ಭಾರಿ ಗಾಡಿಯನ್ನು ಹತ್ತಿ ಕೂತು, ನೆಟ್ಟಗೆ ಮಾಡಿ ಬಲಗಾಲನ್ನು ಕೆಳಗಿಟ್ಟರು. ಅಲ್ಲಿ ನೆಲ ಇರಬೇಕಾಗಿತ್ತು, ಇರಲಿಲ್ಲ. ಎಮ್ಮೆ ಕೆಸರಿನಲ್ಲಿ ಮಲಗುವ ಹಾಗೆ, ಯಾವ ಅವಸರವೂ ಇಲ್ಲದೆ, ಗಾಡಿ ಬಲಕ್ಕೆ ವಾಲಿತು. ದರ್ಜಿಯವರು ಹಿಡಿಕೆ ಬಿಡಲಿಲ್ಲ. "ಹೋಗ್ತಾ ಇದೆ" ಎಂದು ಶಾಂತವಾಗಿ ತಿಳಿಸಿ, ಅದರ ಜೊತೆಗೇ ಹೋದರು.

ಅದನ್ನು ಎತ್ತಲು ಬಾಮೈದ, ಆ ಹೆಂಗಸು, ಒಳಗಿನಿಂದ ಬಂದ ಮೆಕ್ಯಾನಿಕ್ಕು ಮೂವರೂ ಬೇಕಾಯಿತು. ಗಾಡಿಗೆ ಸುತ್ತ ಕಬ್ಬಿಣದ ಕಾವಲಿದ್ದುದರಿಂದ ಅದಕ್ಕೂ ಏನಾಗಲಿಲ್ಲ, ಇವರಿಗೂ ಏನಾಗಲಿಲ್ಲ. ದರ್ಜಿಯವರು ಎದ್ದು ಮೊದಲು ನೋಡಿಕೊಂಡದ್ದು ಪ್ಯಾಂಟಿನ ಹೊಲಿಗೆಯನ್ನು. ಅದು ಬಿಟ್ಟಿರಲಿಲ್ಲ. ಆಮೇಲೆ ಅಂಗಡಿಯ ನೆಲ ಇಳಿಜಾರಾಗಿದೆ ಎಂದರು.

ಬಾಮೈದ ಭಾವನ ಕೊರಳಿನಿಂದ ಟೇಪು ತೆಗೆದುಕೊಂಡ. ನೆಟ್ಟಗೆ ನಿಲ್ಲಿ, ಬಗ್ಗಬೇಡಿ ಎಂದು ತಾನು ಮಂಡಿಯೂರಿ ಕುಳಿತು ಅಳೆದ. ಇಪ್ಪತ್ತೊಂಬತ್ತು. ದರ್ಜಿಯವರು ಇನ್ನೊಮ್ಮೆ ಅಳೆಸಿದರು. ಟೇಪು ಸಡಿಲವಾಯಿತೆಂದು ಮೂರನೆಯ ಸಲ ಅಳೆಸಿದರು. ಡಾಕ್ಟರು ಬಗ್ಗಿಸಿ ನೋಡಿದ ಆ ಮೊಣಕಾಲುಗಳು ಈಗ ಪೂರ್ತಿ ಬಿಚ್ಚುತ್ತಿರಲಿಲ್ಲ. ಎರಡು ಅಂಗುಲ ಅಲ್ಲೇ ಅಡಗಿ ಕೂತಿತ್ತು.

ಕೊನೆಗೆ ಅವರೇ, "ದೇವರು ಕೊಟ್ಟ ಬಟ್ಟೆ. ತುದಿಯಿಂದ ಮಡಿಸ್ತಾ ಬಂದಿದಾನೆ, ನಾನು ನೋಡ್ಲಿಲ್ಲ" ಎಂದರು.

ಕ್ರೂಸರಿನ ಮೇಲೆ ಕೂರಿಸಿದಾಗ ಎರಡೂ ಪಾದ ನೆಲದಲ್ಲಿ ಹಲಗೆಯ ಹಾಗೆ ಊರಿದವು. ಬಾಮೈದ ಗೆದ್ದೆನೆಂದುಕೊಂಡ. ಆದರೆ ದರ್ಜಿಯವರು ಹಿಂದಕ್ಕೆ ತಿರುಗಿ ಸೀಟನ್ನು ಗೇಣಿನಿಂದ ಅಳೆದರು. ಒಂದು ಗೇಣಿಗೇ ಅದು ಮುಗಿಯಿತು. ಒಬ್ಬರೇ ಓಡಿಸುವವರು ಅದನ್ನು ತೆಗೆಸಿಬಿಡುತ್ತಾರೆ, ಬೇಕಾದರೆ ತೆಗೆದುಕೊಡುತ್ತೇವೆ ಎಂದು ಆ ಹೆಂಗಸು ಉಪಕಾರದ ಮಾತಾಡಿದಳು. ದರ್ಜಿಯವರು ತಟ್ಟನೆ ಇಳಿದು ಮತ್ತೆ ಭಾರಿ ಗಾಡಿಯ ಬಳಿಗೆ ಹೋಗಿ ಅದರ ಬೆನ್ನೊರಗಿನ ಮೇಲೆ ಕೈಯಿಟ್ಟರು.

"ಇದರಲ್ಲಿ ಕೂತ್ರೆ ಸೊಂಟ ನೋಯಲ್ಲ" ಎಂದರು. "ಅವಳಿಗೆ ಮೊದಲೇ ಸೊಂಟ..."

ಮೆಕ್ಯಾನಿಕ್ಕು ತನಗೆ ಒಳಗೆ ಕೆಲಸವಿದೆಯೆಂದು ಹೋದ. ಬಾಮೈದ ಧೂಳಿಲ್ಲದ ಟ್ಯಾಂಕನ್ನು ಕರವಸ್ತ್ರದಿಂದ ಬಹಳ ಹೊತ್ತು ಒರೆಸಿದ.

"ಭಾವ, ಒಂದು ಮಾತು ಹೇಳ್ತೀನಿ, ಬೈಬೇಡಿ. ಅಕ್ಕನಿಗೆ ನಿಮ್ಮ ಹಿಂದೆ ಕೂರೋದು ಅಂದ್ರೆ ಜೀವಭಯ."

"ಸುಳ್ಳು. ಮೊಪೆಡ್ಡಲ್ಲಿ ಎಷ್ಟು ನೆಮ್ಮದಿಯಾಗಿ ಕೂರ್ತಿದ್ದಳು. ದಾರಿಯುದ್ದಕ್ಕೂ ದೇವರ ಹೆಸರು ಹೇಳ್ಕೊಂಡು ಬರ್ತಿದ್ದಳು."

"ಯಾಕೆ ಹೇಳ್ತಿದ್ದಳು ಅಂದ್ಕೊಂಡ್ರಿ?"

ದರ್ಜಿಯವರು ಅದನ್ನು ಭಕ್ತಿ ಎಂದುಕೊಂಡಿದ್ದರು. ಹಿಂದೆ ಕೂತವಳ ಪುಣ್ಯದಲ್ಲಿ ಗಾಡಿ ಓಡಿಸುವವನಿಗೂ ಒಂದು ಪಾಲು ಬರುತ್ತದೆಂದು ಒಳಗೊಳಗೇ ನಂಬಿಕೊಂಡು, ನಾಮಸ್ಮರಣೆ ಜೋರಾದಷ್ಟೂ ತಾವೂ ಜೋರಾಗಿಯೇ ಓಡಿಸಿದ್ದರು.

"ಮತ್ತೆ ದೀಪಸ್ತಂಭಕ್ಕೆ ಹೋಗೋಣ ಅಂತಿದ್ದಿದ್ದು?"

"ಸಮುದ್ರ ನೋಡೋ ಆಸೆ ನಿಜ. ಆದ್ರೆ ಕೆಲಸ ಬಂತು, ಈ ವರ್ಷ ಆಗಲ್ಲ ಅಂತ ನೀವು ಅಂದಾಗೆಲ್ಲ ನನಗೆ ಫೋನ್ ಮಾಡ್ತಿದ್ದಳು. ಈ ವರ್ಷಾನೂ ಬಚಾವಾದೆ ಕಣೋ ಅಂತ."

ದರ್ಜಿಯವರು ಬೆನ್ನೊರಗಿನಿಂದ ಕೈ ತೆಗೆದರು. ಅವರ ಹೊಟ್ಟೆಯೊಳಗಿನಿಂದ ಏನೋ ಸದ್ದು ಬಂತು, ಭುಜ ಅಲುಗಿತು. ಆ ಹೆಂಗಸು ಹೆದರಿ ನೀರು ತರಲು ಓಡಿದಳು. ಲೋಟ ಹಿಡಿದು ಬಂದಾಗ ಅವರು ಭಾರಿ ಗಾಡಿಗೆ ಒರಗಿಕೊಂಡು, ಕಣ್ಣು ಒರೆಸಿಕೊಳ್ಳುತ್ತ, ಬಿದ್ದು ಬಿದ್ದು ನಗುತ್ತಿದ್ದರು. ಈ ಸಲ ಗಾಡಿಯೇ ಅವರನ್ನು ಬೀಳದಂತೆ ಹಿಡಿದಿತ್ತು.

ಕ್ರೂಸರನ್ನೇ ಕೊಂಡರು. ಹಿಂದಿನ ಸೀಟು ಇರಲಿ, ಅದರ ಮೇಲೆ ಇವನು ಕೂರಲಿ, ಇವನಿಗೆ ಅದೇ ಶಿಕ್ಷೆ ಎಂದರು. ಬಾಮೈದ ರಜೆ ಹಾಕಿ ಬಂದ. ಅವನ ದೇಹದ ಕಾಲು ಭಾಗ ಮಾತ್ರ ಆ ಸೀಟಿನ ಮೇಲಿತ್ತು, ಮಿಕ್ಕದ್ದು ಗಾಳಿಯಲ್ಲಿ. ದಂಡೆಯ ರಸ್ತೆಯುದ್ದಕ್ಕೂ ಪ್ರತಿ ತಿರುವಿಗೂ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ದೀಪಸ್ತಂಭ ಮುಟ್ಟಿದರು. ಬಣ್ಣ ಬಳಿಯುವ ಕೆಲಸವೆಂದು ಅದಕ್ಕೆ ಬೀಗ ಹಾಕಿತ್ತು. ಇಬ್ಬರೂ ಕೆಳಗಿನ ಮೋಟುಗೋಡೆಯ ಮೇಲೆ ಕೂತು ಸಮುದ್ರ ನೋಡಿದರು. ದರ್ಜಿಯವರು ಕಣ್ಣು ಮುಚ್ಚಿ ಕೈಮುಗಿದು, ಹೇಳುವುದನ್ನು ಮನಸ್ಸಿನಲ್ಲೇ ಹೇಳಿ ಮುಗಿಸಿದರು.

ಏಳುವಾಗ ಮೊಣಕಾಲು ಏಳಲಿಲ್ಲ. ಬಾಮೈದ ಭಾವನನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಕೀಲಿಕೈಗಾಗಿ ಅಂಗೈ ಚಾಚಿದ. ಹೀಗೆ ಅವರು ಹುಟ್ಟಿದಂದಿನಿಂದ ಮೊದಲ ಬಾರಿಗೆ ಹಿಂದೆ ಕೂತರು.

ಹಿಂದೆ ಕೂತವರಿಗೆ ಸಮುದ್ರ ಪಕ್ಕದಲ್ಲಿ ಒಂದಿಷ್ಟು ಕಾಣುತ್ತದೆ. ಎದುರಿಗೆ ಕಾಣುವುದು ಮುಂದಿನವನ ಕುತ್ತಿಗೆ, ಕಾಲರು. ಬಾಮೈದನ ಕಾಲರಿನ ಹಿಂದಿನ ಹೊಲಿಗೆ ನಡುವಿನಲ್ಲಿ ಡೊಂಕಾಗಿತ್ತು.

"ಯಾರಯ್ಯ ಹೊಲಿದಿದ್ದು ಇದನ್ನ?"

"ನೀವೇ ಭಾವ. ನಿಮ್ಮ ಅಂಗೀನೂ ಹೀಗೇ ಇದೆ. ನಿನ್ನೆಯಿಂದ ಅದನ್ನೇ ನೋಡ್ಕೊಂಡು ಬಂದಿದೀನಿ."

ನಲವತ್ತು ವರ್ಷ ಊರಿಗೆ ಅಂಗಿ ಹೊಲಿದ ದರ್ಜಿಯವರು ತಮ್ಮ ಕಾಲರಿನ ಹಿಂದೆ ಬೆರಳಾಡಿಸಿ ನೋಡಿಕೊಂಡರು. ಈ ಡೊಂಕನ್ನು ಒಂದೊಂದು ಹೊಲಿಗೆಯನ್ನೂ ಎಣಿಸುವಷ್ಟು ಹತ್ತಿರದಿಂದ ನೋಡಿದವಳು ಒಬ್ಬಳಿದ್ದಳು. ಒಂದು ದಿನವೂ ಅದರ ಮಾತೆತ್ತಿರಲಿಲ್ಲ. ಅಷ್ಟರಲ್ಲಿ ಇಳಿಜಾರು ಬಂತು. ಗಾಡಿ ರಭಸ ಹಿಡಿಯಿತು. ದರ್ಜಿಯವರು ಬಾಮೈದನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು, ಸ್ವಲ್ಪ ನಿಧಾನ ಹೋಗಪ್ಪ ಎಂದರು.