ಪ್ರಿಸಿಲ್ಲಾ ತಿಂದ ಕೊಬ್ಬರಿ ಮಿಠಾಯಿ

ಬೆಳಿಗ್ಗೆ ಏಳು ಐವತ್ತಕ್ಕೆ, ಕೆಸರೆಯ ಚರ್ಚಿನ ಗೇಟಿನ ಬಳಿ, ಪ್ರಿಸಿಲ್ಲಾ ಒಂದು ಕೊಬ್ಬರಿ ಮಿಠಾಯಿ ತಿಂದಳು.

ತಿನ್ನಿಸಿದವರು ಪಕ್ಕದ ಮನೆಯ ಸುಮಿತ್ರಮ್ಮ. ಎಂಟು ವರ್ಷದ ಹುಡುಗಿ ಬಿಳಿ ಗೌನು ತೊಟ್ಟು, ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು, ಮೊದಲ ಬಾರಿಗೆ ಪರಮಪ್ರಸಾದ ಸ್ವೀಕರಿಸಲು ಬಂದಿದ್ದಳು. ಶುಭಕಾರ್ಯಕ್ಕೆ ಹೋಗುವವರ ಬಾಯಿ ಸಿಹಿ ಮಾಡಿ ಕಳಿಸಬೇಕೆಂಬುದು ಸುಮಿತ್ರಮ್ಮನಿಗೆ ಗೊತ್ತಿತ್ತು. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದೆಂಬುದು ಗೊತ್ತಿರಲಿಲ್ಲ. ಪ್ರಿಸಿಲ್ಲಾಗೆ ಎರಡೂ ಗೊತ್ತಿತ್ತು. ಎರಡನೆಯದು ನೆನಪಾದದ್ದು ಮಾತ್ರ ನುಂಗಿದ ಮೇಲೆ.

ಅವಳು ಅಳಲಿಲ್ಲ. ಸೀದಾ ಧರ್ಮೋಪದೇಶ ತರಗತಿಯ ಟೀಚರ್ ಸಗಾಯಮೇರಿ ಅವರ ಹತ್ತಿರ ಹೋದಳು.

"ಮಿಸ್, ನಾನು ಇವತ್ತು ಪ್ರಸಾದ ತಗೊಳಕ್ಕಾಗಲ್ಲ."

"ಯಾಕೆ ಮರಿ?"

"ಮಿಠಾಯಿ ತಿಂದ್ಬುಟ್ಟೆ."

"ಒಂದು ಚೂರು ತಾನೇ? ಪರವಾಗಿಲ್ಲ ನಡಿ."

"ಚೂರಲ್ಲ ಮಿಸ್, ಪೂರ್ತಿ. ಒಂದು ಗಂಟೆ ಅಂದ್ರೆ ಅರವತ್ತು ನಿಮಿಷ, ಐವತ್ತೊಂಬತ್ತಲ್ಲ ಅಂತ ನೀವೇ ಹೇಳಿದ್ರಿ."

ಹೇಳಿದ್ದು ನಿಜ. ಮೇಜು ತಟ್ಟಿ ಹೇಳಿದ್ದರು. ತರಗತಿಯಲ್ಲಿ ಅದನ್ನು ಕೇಳಿಸಿಕೊಂಡವರು ಒಬ್ಬರಾದರೂ ಇದ್ದರೆಂದು ಅವರಿಗೆ ತಿಳಿದದ್ದು ಈಗ.

"ಮುಂದಿನ ವರ್ಷ ತಗೋತೀನಿ ಬಿಡಿ ಮಿಸ್" ಎಂದಳು ಪ್ರಿಸಿಲ್ಲಾ. ತಲೆಯ ಕಿರೀಟ ತೆಗೆಯಲು ಕೈ ಎತ್ತಿದಳು.

"ಮುಂದಿನ ವರ್ಷ ಈ ಗೌನು ನಿನಗಾಗಲ್ಲ ಕಣೇ. ಇಲ್ಲೇ ಇರು."

ಪೂಜೆ ಶುರುವಾಗುವುದು ಎಂಟಕ್ಕೆ. ಮಾಮೂಲಿ ಭಾನುವಾರವಾಗಿದ್ದರೆ ಚಿಂತೆಯೇ ಇರಲಿಲ್ಲ. ಫಾದರ್ ಇನ್ನಾಸಪ್ಪನವರ ಪ್ರಸಂಗ ಮುಗಿದು ಪರಮಪ್ರಸಾದದ ಹೊತ್ತಿಗೆ ಎಂಟು ಐವತ್ತು ದಾಟುತ್ತಿತ್ತು. ಆದರೆ ಮಕ್ಕಳು ಸುಸ್ತಾಗುತ್ತಾರೆ, ಈ ಸಲವಾದರೂ ಐದು ನಿಮಿಷದಲ್ಲಿ ಮುಗಿಸಿ ಎಂದು ಕಳೆದ ವಾರ ಅವರಿಂದ ಮಾತು ತೆಗೆದುಕೊಂಡಿದ್ದವರು ಇದೇ ಸಗಾಯಮೇರಿ. ಪ್ರತಿ ಭಾನುವಾರ ಮುಂದಿನ ಬೆಂಚಿನಿಂದ ಕೈಗಡಿಯಾರ ತಟ್ಟಿ ತೋರಿಸುತ್ತಿದ್ದವರೂ ಅವರೇ.

ಫಾದರ್ ಪೂಜೆಯ ಉಡುಪು ಧರಿಸುತ್ತಿದ್ದ ಕೋಣೆಗೆ ಅವರು ಹೋಗಿ ವಿಷಯ ಹೇಳಿದರು.

"ಒಂದು ಮಿಠಾಯಿಗೆ ದೇವರು ನಿಮಿಷ ಎಣಿಸ್ತಾನೇನಮ್ಮ?"

"ದೇವರು ಎಣಿಸಲ್ಲ ಫಾದರ್. ಪ್ರಿಸಿಲ್ಲಾ ಎಣಿಸ್ತಾಳೆ."

"ಸರಿ, ನಾನೇನು ಮಾಡ್ಲಿ?"

ಸಗಾಯಮೇರಿ ಗೋಡೆ ನೋಡುತ್ತ ಏನೋ ಗೊಣಗಿದರು.

"ಕೇಳಿಸ್ಲಿಲ್ಲ ಕಣಮ್ಮ. ಸ್ವಲ್ಪ ಜೋರಾಗಿ."

"ಪ್ರಸಂಗ ಸ್ವಲ್ಪ ಉದ್ದ ಮಾಡಿ ಅಂದೆ."

"ಇನ್ನೊಂದ್ಸಲ ಹೇಳಿ. ಆರು ವರ್ಷದಿಂದ ಕಾದಿದ್ದೀನಿ."

"ಫಾದರ್, ಗಂಟೆ ಹೊಡೀತಿದೆ."

ಫಾದರ್ ನಗುತ್ತಲೇ ಪೀಠಕ್ಕೆ ಹೋದರು. ಪ್ರಸಂಗ ಶುರುವಾಯಿತು. ಐದನೇ ನಿಮಿಷಕ್ಕೆ ಅವರು ಬರೆದುಕೊಂಡಿದ್ದು ಮುಗಿಯಿತು. ಬೇಡವೆಂದಾಗ ಹರಿಯುತ್ತಿದ್ದ ಮಾತು, ಬೇಕೆಂದಾಗ ಎಂಟನೇ ನಿಮಿಷಕ್ಕೆ ನಿಂತೇಹೋಯಿತು. ಮುಂದಿನ ಬೆಂಚಿನಲ್ಲಿ ಸಗಾಯಮೇರಿ ಎರಡು ಕೈಯನ್ನೂ ಅಗಲಿಸಿ, ಇನ್ನೂ, ಇನ್ನೂ ಎಂದು ಸನ್ನೆ ಮಾಡಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಫಾದರ್ ಕೆಳಗಿಳಿದು ಬಂದು ಮಕ್ಕಳ ಮುಂದೆ ಮೈಕ್ ಹಿಡಿದರು.

"ದೊಡ್ಡವನಾದ್ಮೇಲೆ ಏನಾಗ್ತೀಯಪ್ಪ?"

"ಫಾದರ್ ಆಗ್ತೀನಿ" ಎಂದ ಮೊದಲನೆಯವನು, ಬೆನ್ನಿ.

"ಯಾಕೆ?"

"ನೀವು ಮಾತಾಡ್ತಾ ಇದ್ರೆ ಯಾರೂ ಎದ್ದೋಗಂಗಿಲ್ಲ."

ಚರ್ಚು ನಕ್ಕಿತು. ಫಾದರ್ ಸಾಲಿನ ಉಳಿದ ಮಕ್ಕಳನ್ನೂ ಬಿಡಲಿಲ್ಲ. ಒಬ್ಬೊಬ್ಬರಿಗೂ ಪ್ರಶ್ನೆ, ಪ್ರಶ್ನೆಗೊಂದು ಉಪಪ್ರಶ್ನೆ. ಪ್ರಿಸಿಲ್ಲಾ ಮಾತ್ರ "ಗೊತ್ತಿಲ್ಲ ಫಾದರ್" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಅವಳ ಕಣ್ಣು ಗೋಡೆ ಗಡಿಯಾರದ ಮೇಲಿತ್ತು.

ಪರಮಪ್ರಸಾದಕ್ಕೆ ಮಕ್ಕಳು ಸಾಲಾಗಿ ಎದ್ದು ನಿಂತಾಗ ಎಂಟು ನಲವತ್ತೆಂಟು. ಎತ್ತರದ ಪ್ರಕಾರ ಪ್ರಿಸಿಲ್ಲಾ ಮೂರನೆಯವಳು. ಎರಡು ವಾರ ಅಭ್ಯಾಸ ಮಾಡಿಸಿದ್ದ ಸಾಲನ್ನು ಬಿಟ್ಟು ಅವಳು ಪಕ್ಕಕ್ಕೆ ಸರಿದು, ಎಲ್ಲರನ್ನೂ ಮುಂದೆ ಕಳಿಸಿ, ಕೊನೆಗೆ ಹೋಗಿ ನಿಂತಳು. ಸಗಾಯಮೇರಿ ತಡೆಯಲಿಲ್ಲ.

ಅವಳ ಸರದಿ ಬಂದಾಗ ಫಾದರ್ ಪ್ರಸಾದದ ರೊಟ್ಟಿಯ ಬಿಲ್ಲೆಯನ್ನು ಎತ್ತಿ ಹಿಡಿದು ಕಾದರು. ಪ್ರಿಸಿಲ್ಲಾ ಕತ್ತು ತಿರುಗಿಸಿ ಗಡಿಯಾರ ನೋಡಿದಳು. ಎಂಟು ಐವತ್ತೆರಡು.

"ಆಮೆನ್" ಎಂದು ಕೈ ಚಾಚಿದಳು.

ಪೂಜೆ ಮುಗಿದು ಹೊರಗೆ ಬಂದಾಗ ಸುಮಿತ್ರಮ್ಮ ಡಬ್ಬಿ ಹಿಡಿದು ನಿಂತಿದ್ದರು.

"ನಿಮ್ಮ ಸ್ವಾಮಿಗಳು ಏನ್ ಚೆನ್ನಾಗಿ ಮಾತಾಡಿಸ್ತಾರೆ ಕಣ್ರೀ" ಎಂದರು ಸಗಾಯಮೇರಿಗೆ. "ಆದ್ರೆ ಮಕ್ಕಳು ಪಾಪ, ಹಸ್ಕೊಂಡಿರ್ತವೆ. ಈ ಮಗೂಗೆ ಬೆಳಿಗ್ಗೆ ಒಂದು ಕೊಟ್ಟಿದ್ದು ಒಳ್ಳೇದೇ ಆಯ್ತು."

"ಹೂಂ, ಒಳ್ಳೇದೇ ಆಯ್ತು" ಎಂದ ಸಗಾಯಮೇರಿ ತಾವೂ ಒಂದು ಮಿಠಾಯಿ ತೆಗೆದುಕೊಂಡರು.

ಮುಂದಿನ ಭಾನುವಾರ ಫಾದರ್ ಇನ್ನಾಸಪ್ಪನವರ ಪ್ರಸಂಗ ಮೂವತ್ತೊಂದು ನಿಮಿಷ ನಡೆಯಿತು. ಸಗಾಯಮೇರಿ ಕೈಗಡಿಯಾರ ತಟ್ಟಲಿಲ್ಲ.